ಎಂಜಿನ್ ಎಣ್ಣೆಗೆ ನೀರು ಸೇರಿದಾಗ

ಆಗಸ್ಟ್ ತಿಂಗಳ ಮೊದಲ ದಿನಗಳು. ಬಂದರಿನಲ್ಲಿ ಗಡಿಬಿಡಿ. ಎರಡು ತಿಂಗಳು ಸುಮ್ಮನೆ ನಿಂತ ಬೋಟುಗಳು ಕಡಲಿಗೆ ಹೋಗಬೇಕು. ಬಲೆ ಸಿದ್ಧವಾಗಿದೆ. ಐಸ್ ಬಂದಿದೆ. ಡೀಸೆಲ್ ತುಂಬಿದ್ದಾರೆ. ಕಲಾಸಿಗಳು ಬಂದು ಕೂತಿದ್ದಾರೆ. ಎಂಜಿನ್ ಚಾಲೂ ಮಾಡಿದರು. ಹತ್ತು ನಿಮಿಷ ಓಡಿತು. ನಿಲ್ಲಿಸಿ, ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆ ಎಳೆದರು. ಕಡ್ಡಿಯ ತುದಿಯಲ್ಲಿ ಕಪ್ಪು ಎಣ್ಣೆ ಇರಬೇಕಿತ್ತು. ಆದರೆ ಅಲ್ಲಿ ಹಾಲು ಹಾಕಿದ ಚಹಾದ ಬಣ್ಣ ಇತ್ತು.

ಕುಂದಾಪುರದ ಕಡೆಯ ಒಬ್ಬ ಅಕ್ಕ ನಮಗೆ ಹೇಳಿದ ಸಂಗತಿ ಇದು. ಅವರದು ಸಣ್ಣ ಟ್ರಾಲ್ ಬೋಟು. ಗಂಡನೇ ತಾಂಡೇಲ. ಮೇಸ್ತ್ರಿಯನ್ನು ಕರೆಸಿದರು. ಅವರು ಕಡ್ಡಿ ನೋಡಿದರು, ತಲೆ ಅಲ್ಲಾಡಿಸಿದರು.

"ಅಕ್ಕಾ, ಆಯಿಲಿಗೆ ನೀರು ಬಂದಿದೆ. ಬ್ಲಾಕ್ ಒಡೆದಿರಬೇಕು. ಎಂಜಿನ್ ಪೂರ್ತಿ ಬಿಚ್ಚಬೇಕು" ಅಂದರು.

ಖರ್ಚು ಎಷ್ಟಾಗುತ್ತದೆ ಅಂತ ಕೇಳಿದರೆ ಎದೆ ಧಸಕ್ ಎನ್ನುವ ಲೆಕ್ಕ ಹೇಳಿದರು. ಮನೆಯಲ್ಲಿ ಎರಡು ಬಂಗಾರದ ಬಳೆ ಇದ್ದವು. ಅಕ್ಕ ಅವನ್ನು ಚೀಲಕ್ಕೆ ಹಾಕಿಕೊಂಡು ಸೊಸೈಟಿಗೆ ಹೊರಟರು.

ಆ ಬಳೆ ಏನಾಯಿತು ಎಂದು ಆಮೇಲೆ ಹೇಳುತ್ತೇವೆ. ಮೊದಲು ಎಣ್ಣೆಯ ವಿಷಯ ತಿಳಿಯೋಣ.

ಎಂಜಿನ್ ಗಂಡಸರ ವಿಷಯ ಅಲ್ಲವೇ?

ಹೀಗೆ ಕೇಳುವವರಿದ್ದಾರೆ. ಇರಲಿ. ಅಜ್ಜಿಯ ಕಾಲದಲ್ಲಿ ರಂಪಣಿ ಬಲೆ ಇತ್ತು. ದೋಣಿಗೆ ಹುಟ್ಟು ಹಾಕುತ್ತಿದ್ದರು. ಆಗ ಎಂಜಿನ್ ಇರಲಿಲ್ಲ, ಎಂಜಿನಿನ ಸಾಲವೂ ಇರಲಿಲ್ಲ. ಈಗ ಬೋಟು ನಿಂತರೆ ಮೀನಿಲ್ಲ. ಮೀನಿಲ್ಲದಿದ್ದರೆ ನಮ್ಮ ಬುಟ್ಟಿ ಖಾಲಿ. ರಿಪೇರಿಗೆ ಹಣ ಬೇಕಾದಾಗ ಅಡವಿಗೆ ಹೋಗುವುದು ಯಾರ ಬಂಗಾರ? ಸಂಘದ ಸಾಲದ ಕಾಗದದಲ್ಲಿ ಸಹಿ ಯಾರದು? ಹಾಗಾದರೆ ಎಂಜಿನಿಗೆ ಏನಾಗಿದೆ ಎಂದು ಕೇಳುವುದಕ್ಕೆ ನಾವು ನಾಚಬೇಕಾಗಿಲ್ಲ. ಕೇಳಬೇಕಾದರೆ ಸ್ವಲ್ಪ ಗೊತ್ತಿರಬೇಕು, ಅಷ್ಟೇ.

ಎಣ್ಣೆ ಏನು ಮಾಡುತ್ತದೆ?

ಇಲ್ಲಿ ಎಣ್ಣೆ ಅಂದರೆ ಎಂಜಿನ್ ಆಯಿಲ್. ಎಂಜಿನಿನ ಒಳಗೆ ಲೋಹದ ಭಾಗಗಳು ಒಂದರ ಪಕ್ಕ ಒಂದು ತಿರುಗುತ್ತವೆ. ಒಂದು ನಿಮಿಷಕ್ಕೆ ಸಾವಿರಕ್ಕಿಂತ ಹೆಚ್ಚು ಸುತ್ತು. ಅವುಗಳ ನಡುವೆ ಎಣ್ಣೆಯ ತೆಳುವಾದ ಪದರ ಇರುತ್ತದೆ. ಆ ಪದರ ಇರುವುದರಿಂದ ಲೋಹಕ್ಕೆ ಲೋಹ ತಾಗುವುದಿಲ್ಲ. ಕಾಳು ಹಾಕದೆ ಬೀಸುವ ಕಲ್ಲು ತಿರುಗಿಸಿ ನೋಡಿದ್ದೀರಾ? ಕಲ್ಲಿಗೆ ಕಲ್ಲು ಹೇಗೆ ಉಜ್ಜುತ್ತದೆ! ಎಣ್ಣೆ ಕೆಟ್ಟರೆ ಎಂಜಿನಿನ ಒಳಗೂ ಅದೇ ಆಗುತ್ತದೆ.

ಎಣ್ಣೆಗೆ ನೀರು ಸೇರಿದರೆ ಆ ಪದರ ಗಟ್ಟಿಯಾಗಿ ನಿಲ್ಲುವುದಿಲ್ಲ. ಬೇರಿಂಗುಗಳು ಸವೆಯುತ್ತವೆ. ನೀರು ತಾಗಿದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಂದದ್ದು ಕಡಲಿನ ಉಪ್ಪು ನೀರಾದರೆ ಕೇಳುವುದೇ ಬೇಡ. ಬೋಟಿನ ಮೊಳೆ, ಸರಪಳಿ ಹೇಗೆ ತುಕ್ಕು ಹಿಡಿಯುತ್ತವೆ ಎಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಎಣ್ಣೆ ಬೆಳ್ಳಗಾಗುವುದು ಯಾಕೆ?

ಬಾಟಲಿಯಲ್ಲಿ ಸ್ವಲ್ಪ ತೆಂಗಿನೆಣ್ಣೆ ಹಾಕಿ. ಸ್ವಲ್ಪ ನೀರು ಸೇರಿಸಿ. ಜೋರಾಗಿ ಕುಲುಕಿ. ನೋಡಿ, ಬೆಳ್ಳಗಾಯಿತು. ಎಂಜಿನ್ ಓಡುವಾಗ ಒಳಗೆ ಆಗುವುದೂ ಇದೇ. ಮಜ್ಜಿಗೆ ಕಡೆದ ಹಾಗೆ ಎಣ್ಣೆ ಮತ್ತು ನೀರನ್ನು ಎಂಜಿನ್ ಕಡೆಯುತ್ತದೆ. ನೀರು ಸಣ್ಣ ಸಣ್ಣ ಹನಿಗಳಾಗಿ ಎಣ್ಣೆಯೊಳಗೆ ಹರಡುತ್ತದೆ. ಆಗ ಕಪ್ಪು ಎಣ್ಣೆ ಕಂದು ಬಿಳಿ ಬಣ್ಣಕ್ಕೆ ತಿರುಗುತ್ತದೆ.

ಬಾಟಲಿಯನ್ನು ಹಾಗೇ ಇಡಿ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ, ನೀರು ಕೆಳಗೆ. ಇದನ್ನು ಚೆನ್ನಾಗಿ ನೆನಪಿಡಿ. ಎಂಜಿನ್ ಬಹಳ ದಿನ ನಿಂತಿದ್ದರೆ ನೀರು ತಳದಲ್ಲಿ ಕೂತಿರುತ್ತದೆ. ಆಗ ಕಡ್ಡಿಗೆ ಅಂಟಿದ ಎಣ್ಣೆಯಲ್ಲಿ ಬಣ್ಣ ಬದಲಾಗಿರುವುದಿಲ್ಲ. "ಎಣ್ಣೆ ಚೆನ್ನಾಗಿದೆ" ಅಂತ ನಾವು ಮೋಸ ಹೋಗಬಹುದು. ಆದರೆ ಎಣ್ಣೆಯ ಮಟ್ಟ ಏರಿರುತ್ತದೆ. ಕಡ್ಡಿಯಲ್ಲಿ ಎರಡು ಗೆರೆಗಳಿವೆ. ಎಣ್ಣೆ ಆ ಎರಡು ಗೆರೆಗಳ ನಡುವೆ ಇರಬೇಕು. ಎಂಜಿನ್ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಯಾರೂ ಎಣ್ಣೆ ಹಾಕದೆ ಮಟ್ಟ ಮೇಲಿನ ಗೆರೆ ದಾಟಿದರೆ ಏನೋ ಒಳಗೆ ಸೇರಿದೆ ಎಂದೇ ಲೆಕ್ಕ.

ಸೇರಿದ್ದು ಡೀಸೆಲ್ ಕೂಡ ಆಗಿರಬಹುದು. ಅದನ್ನು ಗುರುತಿಸುವುದು ಸುಲಭ. ಡೀಸೆಲ್ ಸೇರಿದರೆ ಎಣ್ಣೆ ಬೆಳ್ಳಗಾಗುವುದಿಲ್ಲ. ತೆಳ್ಳಗಾಗುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು.

ಎರಡು ಪರೀಕ್ಷೆಗಳು

ಮೊದಲನೆಯದು ಬಾಟಲಿ ಪರೀಕ್ಷೆ. ಎಂಜಿನಿನ ತಳದ ಎಣ್ಣೆ ಸ್ವಲ್ಪ ಬೇಕು. ಬೋಟಿನಲ್ಲಿ ಎಂಜಿನಿನ ಕೆಳಗೆ ಕೈ ಹಾಕಲು ಜಾಗ ಕಡಿಮೆ. ಹಾಗಾಗಿ ಕೈಪಂಪಿನಿಂದ ಎಳೆಯುತ್ತಾರೆ. ಬಿಳಿ ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ನೀರು ಬೇರೆಯಾಗಿ ನಿಂತಿದ್ದರೆ ನೀರು ತುಂಬಾ ಸೇರಿದೆ. ನೀರು ಬೇರೆಯಾಗದೆ ಎಣ್ಣೆ ಬೆಳ್ಳಗೇ ಉಳಿದರೂ ನೀರಿದೆ. ಎಂಜಿನ್ ಎಣ್ಣೆಯಲ್ಲಿ ಕೊಳೆ ತೆಗೆಯುವ ಮದ್ದು ಬೆರೆಸಿರುತ್ತಾರೆ. ಅದು ನೀರಿನ ಹನಿಗಳನ್ನು ಬೇಗ ಬಿಡುವುದಿಲ್ಲ.

ಎರಡನೆಯದು ಚಟಪಟ ಪರೀಕ್ಷೆ. ಒಗ್ಗರಣೆಯ ಎಣ್ಣೆಗೆ ಒದ್ದೆ ಕೈಯ ಹನಿ ಬಿದ್ದರೆ ಏನಾಗುತ್ತದೆ? ಚಟಪಟ ಸಿಡಿಯುತ್ತದೆ. ಇಲ್ಲಿಯೂ ಹಾಗೇ. ಒಂದು ಹಳೆಯ ತಗಡಿನ ಮುಚ್ಚಳವನ್ನು ಬಿಸಿ ಮಾಡಿ. ಬೆಂಕಿ ಆರಿಸಿ. ನಂತರ ಎಂಜಿನ್ ಎಣ್ಣೆಯ ಒಂದೇ ಒಂದು ಹನಿಯನ್ನು ಅದರ ಮೇಲೆ ಬಿಡಿ. ಚಟ್ ಚಟ್ ಎಂದು ಗುಳ್ಳೆ ಎದ್ದರೆ ನೀರಿದೆ. ಸದ್ದಿಲ್ಲದೆ ಹರಡಿದರೆ ನೀರಿಲ್ಲ. ಕಣ್ಣಿಗೆ ಕಾಣದಷ್ಟು ನೀರನ್ನೂ ಈ ಪರೀಕ್ಷೆ ಹಿಡಿದುಕೊಡುತ್ತದೆ. ಸಾವಿರ ಪಾಲು ಎಣ್ಣೆಯಲ್ಲಿ ಒಂದು ಪಾಲು ನೀರಿದ್ದರೂ ಸದ್ದು ಬರುತ್ತದೆ.

ಜಾಗ್ರತೆ ಬೇಕು. ಅಡುಗೆಯ ಕಾವಲಿಯಲ್ಲಿ ಇದನ್ನು ಮಾಡಬೇಡಿ. ಬೋಟಿನ ಒಳಗೂ ಬೇಡ, ಬಯಲಿನಲ್ಲಿ ಮಾಡಿ. ಮುಖ ದೂರ ಇರಲಿ. ಮಕ್ಕಳು ಹತ್ತಿರ ಬರಬಾರದು. ಎಣ್ಣೆಗೆ ಡೀಸೆಲ್ ವಾಸನೆ ಇದ್ದರೆ ಮಾಡಲೇಬೇಡಿ, ಬೆಂಕಿ ಹತ್ತಬಹುದು. ಉಪ್ಪು ನೀರೋ ಸಿಹಿ ನೀರೋ ಎಂದು ನಾಲಿಗೆಗೆ ಹಚ್ಚಿ ನೋಡುವವರೂ ಇದ್ದಾರೆ. ಹಳೆಯ ಎಂಜಿನ್ ಎಣ್ಣೆ ವಿಷ. ಅದು ಬೇಡ.

ನೀರು ಎಲ್ಲಿಂದ ಬಂತು?

ಇದೇ ಮುಖ್ಯವಾದ ಪ್ರಶ್ನೆ. ಎಣ್ಣೆ ಬೆಳ್ಳಗಾಗಿದೆ ಎಂದರೆ ನೀರು ಬಂದಿದೆ ಎಂದು ಮಾತ್ರ ಗೊತ್ತಾಗುತ್ತದೆ. ಎಲ್ಲಿಂದ ಬಂತು ಎಂದು ಬಣ್ಣ ಹೇಳುವುದಿಲ್ಲ. ಮನೆಯೊಳಗೆ ನೀರು ಕಂಡರೆ ಗೋಡೆ ಒಡೆಯುತ್ತೇವೆಯೇ? ಮೊದಲು ಹೆಂಚು ನೋಡುತ್ತೇವೆ. ಕೊಡ ಸೋರುತ್ತಿದೆಯೇ ಎಂದು ನೋಡುತ್ತೇವೆ.

ಎಲ್ಲಕ್ಕಿಂತ ಹಗುರವಾದ ಕಾರಣದಿಂದ ಶುರು ಮಾಡೋಣ. ಎಂಜಿನ್ ಬಿಸಿಯಾಗಿ ತಣಿದಾಗ ಒಳಗಿನ ಗಾಳಿಯ ತೇವ ಹನಿಯಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನೀರು ನಿಲ್ಲುವುದಿಲ್ಲವೇ, ಹಾಗೆ. ಎಣ್ಣೆ ಹಾಕುವ ಮುಚ್ಚಳದ ಒಳಭಾಗದಲ್ಲಿ ಮಾತ್ರ ಬೆಣ್ಣೆಯಂಥ ಬಿಳಿ ಪದರ ಇದ್ದು, ಕಡ್ಡಿಯಲ್ಲಿ ಎಣ್ಣೆ ಸರಿಯಾಗಿದ್ದರೆ ಹೆದರಬೇಕಾಗಿಲ್ಲ. ಸ್ವಲ್ಪ ಸ್ವಲ್ಪವೇ ಓಡಿಸಿ ನಿಲ್ಲಿಸುವ ಎಂಜಿನಿನಲ್ಲಿ ಇದು ಇದ್ದದ್ದೇ. ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿದರೆ ಆ ನೀರು ಆವಿಯಾಗಿ ಹೋಗುತ್ತದೆ.

ನೀರು ಮೇಲಿನಿಂದಲೂ ಬರಬಹುದು. ಅದು ಮಳೆ ನೀರು. ಬೋಟಿನ ತಳದಲ್ಲಿ ನಿಂತ ನೀರು ಏರಿ ಎಂಜಿನನ್ನು ಮುಟ್ಟಿದ್ದರೆ ಅಲ್ಲಿಂದಲೂ ಬರುತ್ತದೆ. ಎಂಜಿನಿನ ಮೈಮೇಲೆ ನೀರು ನಿಂತ ಗುರುತು ಗೆರೆಯಾಗಿ ಉಳಿದಿರುತ್ತದೆ.

ಉಳಿದದ್ದು ಎಂಜಿನನ್ನು ತಂಪು ಮಾಡುವ ನೀರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಹಳಷ್ಟು ಎಂಜಿನುಗಳಲ್ಲಿ ಎರಡು ನೀರು ಇರುತ್ತದೆ. ಒಂದು ಸಿಹಿ ನೀರು. ಇದು ಎಂಜಿನಿನ ಒಳಗೇ ಸುತ್ತುತ್ತದೆ. ಇದಕ್ಕೆ ಮೇಲೆ ಒಂದು ಟ್ಯಾಂಕಿ ಇದೆ. ಇನ್ನೊಂದು ಕಡಲಿನ ನೀರು. ಇದನ್ನು ಪಂಪು ಎಳೆದು, ಸಿಹಿ ನೀರಿನ ಬಿಸಿ ಇಳಿಸಿ, ಮತ್ತೆ ಕಡಲಿಗೆ ಬಿಡುತ್ತದೆ. ಈಗ ಟ್ಯಾಂಕಿ ನೋಡಬೇಕು. ಎಂಜಿನ್ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಬೇಕು. ಬಿಸಿ ಇರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಟ್ಯಾಂಕಿಯ ನೀರು ಕಡಿಮೆಯಾಗಿದೆಯೇ? ಹೊರಗೆಲ್ಲೂ ಸೋರಿಲ್ಲವೇ? ಹಾಗಾದರೆ ಸಿಹಿ ನೀರೇ ಎಣ್ಣೆಗೆ ಹೋಗಿದೆ. ಟ್ಯಾಂಕಿ ತುಂಬಿಯೇ ಇದೆಯೇ? ಹಾಗಾದರೆ ನೀರು ಕಡಲಿನದು, ಇಲ್ಲವೇ ಮಳೆಯದು. ನೋಡಿ, ಒಂದು ಮುಚ್ಚಳ ತೆಗೆದದ್ದರಿಂದ ಅರ್ಧ ದಾರಿ ಸಿಕ್ಕಿತು.

ಬಳೆಯ ಕತೆ

ಈಗ ಆ ಅಕ್ಕನ ಕತೆಗೆ ಬರೋಣ. ಸೊಸೈಟಿಯ ದಾರಿಯಲ್ಲಿ ಅವರಿಗೆ ತವರಿನ ಕಡೆಯ ಒಬ್ಬ ಹಳೆಯ ಮೇಸ್ತ್ರಿ ಸಿಕ್ಕರು. ವಿಷಯ ಕೇಳಿ ಅವರು, "ಟ್ಯಾಂಕಿ ನೀರು ಇಳಿದಿದೆಯಾ ಅಕ್ಕಾ?" ಅಂದರು. ಅಕ್ಕನಿಗೆ ಗೊತ್ತಿರಲಿಲ್ಲ. ಇಬ್ಬರೂ ಬಂದರಿಗೆ ಹೋದರು. ಟ್ಯಾಂಕಿಯ ನೀರು ಒಂದು ಬೆರಳೂ ಇಳಿದಿರಲಿಲ್ಲ. ಕಡಲಿನ ನೀರಿನ ವಾಲ್ವನ್ನು ಜೂನ್ ತಿಂಗಳಿನಿಂದ ಮುಚ್ಚಿಟ್ಟಿದ್ದರು. ಇನ್ನು ಉಳಿದದ್ದು ಮಳೆ.

ಮೇಸ್ತ್ರಿ ತಲೆ ಎತ್ತಿ ನೋಡಿದರು. ಎಂಜಿನ್ ಕೋಣೆಯ ಮೇಲಿನ ಟಾರ್ಪಾಲು ಹರಿದಿತ್ತು. ಕೆಳಗೆ ನೋಡಿದರು. ಸರಿಯಾಗಿ ಅದರ ಅಡಿಯಲ್ಲೇ ಎಣ್ಣೆ ಹಾಕುವ ಮುಚ್ಚಳ. ಮುಚ್ಚಳದ ರಬ್ಬರ್ ವಾಷರ್ ಒಣಗಿ ಸೀಳಿತ್ತು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಒಟ್ಟು 61 ದಿನ. ಅದೇ ನಮ್ಮ ಜೋರು ಮಳೆಯ ಕಾಲ. ಎರಡು ತಿಂಗಳು ಹನಿ ಹನಿಯಾಗಿ ಮಳೆ ನೀರು ಎಂಜಿನಿನೊಳಗೆ ಇಳಿದಿತ್ತು.

ಬ್ಲಾಕ್ ಒಡೆದಿರಲಿಲ್ಲ. ಒಂದು ವಾಷರ್, ಒಂದು ಟಾರ್ಪಾಲು, ಮೂರು ಸಲದ ಎಣ್ಣೆ, ಮೂರು ಫಿಲ್ಟರ್. ಖರ್ಚು ಇಷ್ಟೇ. ಬಳೆ ಸೊಸೈಟಿಗೆ ಹೋಗಲಿಲ್ಲ.

ಮೊದಲಿನ ಮೇಸ್ತ್ರಿ ಮೋಸ ಮಾಡಿದರೇ? ನಮಗೆ ಹಾಗೆ ಅನಿಸುವುದಿಲ್ಲ. ಆಗಸ್ಟಿನಲ್ಲಿ ಒಬ್ಬ ಮೇಸ್ತ್ರಿಯನ್ನು ಹತ್ತು ಬೋಟಿನವರು ಕರೆಯುತ್ತಾರೆ. ಅವಸರದಲ್ಲಿ ಅವರು ದೊಡ್ಡ ರೋಗವನ್ನೇ ಊಹಿಸಿದರು. ನಾವು ಒಂದು ಪ್ರಶ್ನೆ ಕೇಳಿದ್ದರೆ ಅವರೂ ನಿಂತು ನೋಡುತ್ತಿದ್ದರೋ ಏನೋ.

ಒಳಗಿನ ಸೋರಿಕೆ

ಎಲ್ಲರಿಗೂ ವಾಷರಿನಲ್ಲೇ ಮುಗಿಯುವುದಿಲ್ಲ. ನಿಜವಾಗಿ ಒಳಗೆ ಸೋರುವುದೂ ಇದೆ.

ಆಯಿಲ್ ಕೂಲರ್ ಎಂಬ ಭಾಗ ಇದೆ. ಅದರಲ್ಲಿ ಸಣ್ಣ ಕೊಳವೆಗಳಿವೆ. ಕೊಳವೆಯ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ನೀರು. ಕೊಳವೆ ತೂತಾದರೆ ಎರಡೂ ಬೆರೆಯುತ್ತವೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಹೆಚ್ಚು. ಆಗ ಎಣ್ಣೆಯೇ ನೀರಿಗೆ ಹೋಗುತ್ತದೆ. ಟ್ಯಾಂಕಿಯಲ್ಲಿ ಎಣ್ಣೆ ತೇಲುತ್ತದೆ. ಕಡಲಿನ ನೀರಿನ ಕೂಲರ್ ಆದರೆ ಹೊರಗೆ ಬೀಳುವ ನೀರಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಎಂಜಿನ್ ನಿಂತ ಮೇಲೆ ನೀರು ಎಣ್ಣೆಗೆ ಬರುತ್ತದೆ. ಕೂಲರನ್ನು ಬಿಚ್ಚಿ, ಬಾಯಿ ಮುಚ್ಚಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸುತ್ತಾರೆ. ಸೈಕಲ್ ಪಂಕ್ಚರ್ ನೋಡುವ ಹಾಗೆಯೇ. ಗುಳ್ಳೆ ಬಂದಲ್ಲಿ ತೂತು. ಎಂಜಿನ್ ಪೂರ್ತಿ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿಸಿ.

ಕಡಲಿನ ನೀರಿನ ಪಂಪು ಎಂಜಿನಿಗೇ ಜೋಡಿಸಿದ್ದಾದರೆ ಅದರಲ್ಲಿ ಎರಡು ಸೀಲುಗಳಿರುತ್ತವೆ. ಒಂದು ನೀರು ತಡೆಯಲು, ಒಂದು ಎಣ್ಣೆ ತಡೆಯಲು. ನಡುವೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲು ಹಾಳಾದರೆ ನೀರು ಆ ತೂತಿನಿಂದ ಹೊರಗೆ ತೊಟ್ಟಿಕ್ಕಲಿ ಎಂದು. ಕೆಲವರು "ಸೋರುತ್ತದೆ" ಅಂತ ಆ ತೂತಿಗೆ ಸೋಪು ಮೆತ್ತುತ್ತಾರೆ! ಹೊರಗೆ ಹೋಗುವ ದಾರಿ ಮುಚ್ಚಿದರೆ ನೀರು ಎಂಜಿನಿನೊಳಗೇ ಹೋಗುತ್ತದೆ. ಅಲ್ಲಿ ನೀರು ತೊಟ್ಟಿಕ್ಕಿದರೆ ಸೀಲು ಬದಲಿಸಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಬೇರೆ ಗುರುತುಗಳಿವೆ. ಟ್ಯಾಂಕಿಯ ನೀರಿನಲ್ಲಿ ಗುಳ್ಳೆ ಏಳುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹೊಗೆ ಕೊಳವೆಯಿಂದ ಬಿಳಿ ಆವಿ ಬರುತ್ತದೆ. ಎಂಜಿನ್ ಬೇಗ ಕಾಯುತ್ತದೆ. ಲೈನರಿನ ಕೆಳಗಿನ ರಬ್ಬರ್ ರಿಂಗು ಸವೆದರೂ ಟ್ಯಾಂಕಿಯ ನೀರು ಎಣ್ಣೆಗೆ ಇಳಿಯುತ್ತದೆ. ಇವುಗಳನ್ನು ಹುಡುಕಲು ಮೇಸ್ತ್ರಿಗಳು ನೀರಿನ ದಾರಿಗೆ ಕೈಪಂಪಿನಿಂದ ಒತ್ತಡ ಕೊಡುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿ ನೋಡಿದರೆ ಯಾವ ಲೈನರಿನಿಂದ ಹನಿ ಬೀಳುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಬ್ಲಾಕ್ ಒಡೆಯುವುದೂ ಉಂಟು. ಆದರೆ ಅದು ಕೊನೆಯ ಊಹೆ ಆಗಿರಲಿ.

ಎಣ್ಣೆ ಬೆಳ್ಳಗೆ ಕಂಡ ಕೂಡಲೇ

ಎಂಜಿನ್ ಮತ್ತೆ ಚಾಲೂ ಮಾಡಬಾರದು. "ಒಂದು ಟ್ರಿಪ್ ಹೋಗಿ ಬರೋಣ, ಆಮೇಲೆ ನೋಡೋಣ" ಎಂಬ ಮಾತೇ ಬೇಡ. ವಾಷರಿನ ಖರ್ಚು ಬೇರಿಂಗಿನ ಖರ್ಚಾಗುವುದು ಆ ಒಂದು ಟ್ರಿಪ್ಪಿನಲ್ಲೇ. ನೀರು ಸಿಲಿಂಡರಿನೊಳಗೆ ನಿಂತಿದ್ದರೆ ಇನ್ನೂ ಅಪಾಯ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಚಾಲೂ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಮೇಸ್ತ್ರಿಗಳು ಮೊದಲು ನಾಜಲ್ ಬಿಚ್ಚಿ, ಕೈಯಿಂದ ತಿರುಗಿಸಿ ನೋಡುತ್ತಾರೆ.

ಕಡಲಿನ ನಡುವೆ ಗೊತ್ತಾದರೆ ಏನು ಮಾಡಬೇಕು? ಎಂಜಿನ್ ನಿಲ್ಲಿಸಿ, ಬೇರೆ ಬೋಟಿಗೆ ಹೇಳಿ ಎಳೆಸಿಕೊಂಡು ಬರುವುದು ಒಳ್ಳೆಯದು. ಆದರೆ ಗಾಳಿ ಎದ್ದಿದ್ದರೆ, ಬಂಡೆ ಹತ್ತಿರ ಇದ್ದರೆ, ಎಂಜಿನಿಗಿಂತ ಜೀವ ದೊಡ್ಡದು. ಅಲ್ಲಿ ತಾಂಡೇಲರ ಮಾತೇ ಕೊನೆ.

ಸೋರಿಕೆ ಸಿಕ್ಕಿ ಸರಿಯಾದ ಮೇಲೆ ಎಣ್ಣೆ ಬದಲಿಸಬೇಕು. ಸೋರಿಕೆ ಹುಡುಕದೆ ಬರೀ ಎಣ್ಣೆ ಬದಲಿಸಿದರೆ ಆ ಹಣ ಕಡಲಿಗೆ ಹಾಕಿದ ಹಾಗೆ. ಒಂದು ಸಲ ಬದಲಿಸಿದರೆ ಸಾಕಾಗುವುದಿಲ್ಲ. ಮೂಲೆ ಮೂಲೆಯಲ್ಲಿ ನೀರು ಉಳಿದಿರುತ್ತದೆ. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ, ಭಾರ ಕೊಡದೆ ಸ್ವಲ್ಪ ಹೊತ್ತು ಓಡಿಸಬೇಕು. ಮತ್ತೆ ಬೆಳ್ಳಗಾದರೆ ಮತ್ತೆ ಬದಲಿಸಬೇಕು. ಎರಡು ಮೂರು ಸಲ ಆಗಬಹುದು. ಉಪ್ಪು ನೀರು ಹೋಗಿದ್ದರೆ ಈ ಕೆಲಸವನ್ನು ನಾಳೆಗೆ ಬಿಡಬೇಡಿ. ತೆಗೆದ ಎಣ್ಣೆಯನ್ನು ಬಂದರಿನ ನೀರಿಗೆ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ನಾಡದೋಣಿಯವರಿಗೆ

ನಾಡದೋಣಿಯ ಹಿಂದೆ ಕಟ್ಟುವ ಸೀಮೆಎಣ್ಣೆ ಎಂಜಿನುಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆಯ ತೊಟ್ಟಿ ಇಲ್ಲ, ಕಡ್ಡಿಯೂ ಇಲ್ಲ. ಎಣ್ಣೆಯನ್ನು ಉರಿಯುವ ಇಂಧನದ ಜೊತೆಗೇ ಕೊಡುತ್ತಾರೆ. ಆದರೆ ನೀರಿನಲ್ಲಿ ಮುಳುಗುವ ಕೆಳಭಾಗದಲ್ಲಿ ಗೇರು ಇದೆ. ಅದಕ್ಕೆ ಬೇರೆ ಎಣ್ಣೆ ಇದೆ. ಅದೂ ಬೆಳ್ಳಗಾಗುತ್ತದೆ. ಕೆಳಗಿನ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದರೆ ಮೊದಲು ನೀರು ಬರುತ್ತದೆ, ಇಲ್ಲವೇ ಬಿಳಿ ಎಣ್ಣೆ ಬರುತ್ತದೆ.

ಇದಕ್ಕೆ ದೊಡ್ಡ ಕಾರಣ ನಮ್ಮದೇ ಬಲೆಯ ನೂಲು. ತುಂಡು ನೂಲು ಪಂಖದ ಹಿಂದೆ ಸುತ್ತಿಕೊಳ್ಳುತ್ತದೆ. ತಿರುಗಿ ತಿರುಗಿ ಸೀಲನ್ನು ಕೊಯ್ಯುತ್ತದೆ. ಆಗಾಗ ಪಂಖ ಬಿಚ್ಚಿ ನೂಲು ತೆಗೆಯಬೇಕು. ಸ್ಕ್ರೂವಿನ ಸಣ್ಣ ವಾಷರನ್ನು ಎಣ್ಣೆ ಬದಲಿಸಿದಾಗಲೆಲ್ಲ ಹೊಸದು ಹಾಕಬೇಕು. ಬಲೆ ನೇಯುವಾಗ, ರಿಪೇರಿ ಮಾಡುವಾಗ ಉಳಿದ ತುಂಡು ನೂಲನ್ನು ಒಂದು ಡಬ್ಬಿಗೆ ಹಾಕಿಡಿ, ಕಡಲಿಗೆ ಎಸೆಯಬೇಡಿ.

ಒಂದು ನೋಟ್ ಪುಸ್ತಕ

ಕುಂದಾಪುರದ ಆ ಅಕ್ಕ ಈಗ ಅಕ್ಷರ ಕಲಿತಿದ್ದಾರೆ. ಮನೆಯಲ್ಲಿ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಬೋಟು ಬಂದಾಗಲೆಲ್ಲ ಗಂಡನನ್ನು ಕೇಳಿ ನಾಲ್ಕು ವಿಷಯ ಬರೆಯುತ್ತಾರೆ. ತಾರೀಕು, ಎಣ್ಣೆಯ ಮಟ್ಟ, ಎಣ್ಣೆಯ ಬಣ್ಣ, ಟ್ಯಾಂಕಿಯ ನೀರು. ಮೇಸ್ತ್ರಿ ಬಂದರೆ ಆ ಪುಸ್ತಕವನ್ನೇ ಅವರ ಮುಂದೆ ಇಡುತ್ತಾರೆ. ಯಾವತ್ತಿನಿಂದ ಮಟ್ಟ ಏರಿತು ಎಂದು ಅದರಲ್ಲಿ ಇರುತ್ತದೆ. ಅವರು ನಮಗೆ ತೋರಿಸಿದ ಒಂದು ಪುಟದಲ್ಲಿ ಹೀಗಿತ್ತು:

"ಆಗಸ್ಟ್ 9. ಎಣ್ಣೆ ಬದಲಿಸಿದ್ದು ಮೂರನೇ ಸಲ. ಬಣ್ಣ ಸರಿ. ಮಟ್ಟ ಎರಡು ಗೆರೆಯ ನಡುವೆ. ಟ್ಯಾಂಕಿ ತುಂಬಿದೆ. ರಾತ್ರಿ ಬೋಟು ಹೋಯಿತು."